ಕಪಾಟಿನ ತಳದಲ್ಲಿ ಸಿಕ್ಕ ಬ್ರಿಕ್ ಗೇಮ್: ದೋಷ ಹುಡುಕುವ ಕ್ರಮ

ಹಳೆಯ ಆಟದ ಸಾಮಾನು ಕೂಡಿಡುವವರ ಮನೆಯಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಬಾಯ್‌ಗೆ ಬಟ್ಟೆ ಸುತ್ತಿ ಇಡುವ ಮರ್ಯಾದೆ ಸಿಗುತ್ತದೆ. ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಅಗ್ಗದ ಕೈಯಾಟ ಬ್ರಿಕ್ ಗೇಮ್ ಮಾತ್ರ ಹಾಳಾದ ಚಾರ್ಜರು, ರಿಮೋಟುಗಳ ಅಡಿಯಲ್ಲಿ ಬಿದ್ದಿರುತ್ತದೆ. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲೋ, ಜಾತ್ರೆಯ ಸಂತೆಯಲ್ಲೋ, ಕಾಸರಗೋಡು ಪೇಟೆಯ ಫ್ಯಾನ್ಸಿ ಅಂಗಡಿಯಲ್ಲೋ ಕೈಗೆ ಬಂದ ಈ ಆಟಕ್ಕೆ ಹೇಳಿಕೊಳ್ಳುವ ಕಂಪನಿ ಇಲ್ಲ, ಕೈಪಿಡಿ ಇಲ್ಲ, ಸರ್ಕ್ಯೂಟ್ ಚಿತ್ರವಂತೂ ಇಲ್ಲವೇ ಇಲ್ಲ. ಅಗಲಕ್ಕೆ 10, ಎತ್ತರಕ್ಕೆ 20 ಚೌಕಗಳ ಎಲ್‌ಸಿಡಿ, ಬಲಬದಿಯಲ್ಲಿ ಅಂಕ, ವೇಗ, ಲೆವೆಲ್ ಮತ್ತು ಮುಂದೆ ಬರುವ ತುಂಡನ್ನು ತೋರಿಸುವ ಸಣ್ಣ ಜಾಗ. ಮೈಮೇಲೆ ‘9999 ಇನ್ 1’ ಎಂದು ಬರೆದಿದ್ದರೂ ಒಳಗಿರುವುದು ಕೆಲವೇ ಆಟಗಳು. ಅವನ್ನೇ ವೇಗ, ಲೆವೆಲ್ ಬದಲಿಸಿ ಎಣಿಸಿ ದೊಡ್ಡ ಸಂಖ್ಯೆ ಮಾಡಿದ್ದಾರೆ. ಹಾಗಾಗಿ ಎಣಿಕೆಯಷ್ಟು ಆಟ ಬರಲಿಲ್ಲವೆಂದರೆ ಅದು ದೋಷವಲ್ಲ. ಸೆಲ್ ತೆಗೆದಾಗ ಹೈಸ್ಕೋರ್ ಅಳಿಸಿಹೋಗುವುದೂ ದೋಷವಲ್ಲ. ಅದು ಕರೆಂಟ್ ಇರುವಷ್ಟು ಹೊತ್ತು ಮಾತ್ರ ನೆನಪಿಡುವ ಮೆಮೊರಿಯಲ್ಲಿ ಕೂತಿರುತ್ತದೆ.

ಕೆಟ್ಟ ಬ್ರಿಕ್ ಗೇಮನ್ನು ರಿಪೇರಿ ಅಂಗಡಿಗೆ ಕೊಟ್ಟರೆ ಬಿಚ್ಚುವ ಮೊದಲೇ ‘ಐಸಿ ಹೋಗಿದೆ’ ಎಂಬ ಉತ್ತರ ಬರುವುದುಂಟು. ಐಸಿ ಎಂದರೆ ಆಟವನ್ನು ನಡೆಸುವ ಚಿಪ್ಪು. ನಿಜವಾಗಿ ಐಸಿ ಹೋಗಿರುವುದು ಕಡಿಮೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಈ ಆಟಗಳನ್ನು ಕೆಡಿಸುವುದು ಸೋರಿದ ಸೆಲ್, ತೇವ ಮತ್ತು ಇವೆರಡೂ ಸೇರಿ ಬೆಳೆಸುವ ಕಿಲುಬು. ಆದ್ದರಿಂದ ಹುಡುಕಾಟ ಸೆಲ್‌ನಿಂದ ಶುರುವಾಗಿ ವಯರು, ಬೋರ್ಡು, ಗುಂಡಿ, ಪರದೆ ಎಂದು ಸಾಗಬೇಕು. ಐಸಿಯ ಸರದಿ ಕೊನೆಗೆ.

ಬೇಕಾಗುವ ಸಾಮಾನು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದು, ಸಣ್ಣ ನಕ್ಷತ್ರ ತಲೆಯ ಸ್ಕ್ರೂಡ್ರೈವರ್, 25 ವಾಟ್‌ನ ಸೋಲ್ಡರಿಂಗ್ ಐರನ್, 60/40 ಲೆಡ್ (ಬೆಸುಗೆ ತಂತಿ), ಫ್ಲಕ್ಸ್ ಪೇಸ್ಟ್, ಚಿಮಟ, ಹಳೆಯ ಹಲ್ಲುಜ್ಜುವ ಬ್ರಷ್, ಕಿವಿಗೆ ಹಾಕುವ ಹತ್ತಿಕಡ್ಡಿ. ತೊಳೆಯಲು 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲ್, ಬಿಳಿ ವಿನೆಗರ್, ಅಡುಗೆ ಸೋಡಾ, ಮತ್ತು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರ್. ಕೈಗೆ ಹಚ್ಚುವ ಸ್ಯಾನಿಟೈಸರ್ ಇದಕ್ಕೆ ಆಗದು. ಅದರಲ್ಲಿ ಗ್ಲಿಸರಿನ್ ಇರುವುದರಿಂದ ಬೋರ್ಡಿನ ಮೇಲೆ ಅಂಟು ಪದರ ಉಳಿದು ಮತ್ತೆ ತೇವ ಹಿಡಿಯುತ್ತದೆ. ಬಾವಿ ನೀರು, ನಳ್ಳಿ ನೀರು ಕೂಡ ಕೊನೆಯ ತೊಳೆತಕ್ಕೆ ಬೇಡ, ಒಣಗಿದ ಮೇಲೆ ಲವಣ ಬಿಟ್ಟುಹೋಗುತ್ತದೆ.

ಸೆಲ್ ಹಾಕುವ ಮೊದಲು

ಸಿಕ್ಕಿದ ಕೂಡಲೇ ಹೊಸ ಸೆಲ್ ತುರುಕಬೇಡಿ. ಮುಚ್ಚಳ ತೆಗೆದು ಟಾರ್ಚ್ ಹಿಡಿದು ನೋಡಿ. ಈ ಆಟಗಳಲ್ಲಿ ಹೆಚ್ಚಿನವಕ್ಕೆ ಎರಡು ಪೆನ್ ಸೆಲ್, ಅಂದರೆ ಒಟ್ಟು 3 ವೋಲ್ಟ್. ತೀರ ಚಿಕ್ಕವಕ್ಕೆ ಗುಂಡಿ ಸೆಲ್ ಇರುತ್ತದೆ. ಆನ್-ಆಫ್ ಎಂದು ಬರೆದಿರುವುದು ಸಾಮಾನ್ಯವಾಗಿ ಬರೀ ರಬ್ಬರ್ ಗುಂಡಿ. ಅದು ಐಸಿಗೆ ‘ಮಲಗು’ ಎನ್ನುತ್ತದೆಯೇ ಹೊರತು ಸೆಲ್‌ನ ಸಂಪರ್ಕ ಕಡಿಯುವುದಿಲ್ಲ. ಆಫ್ ಮಾಡಿ ಕಪಾಟಿಗೆ ಹಾಕಿದ ಆಟ ವರ್ಷಗಟ್ಟಲೆ ಚೂರುಚೂರು ಕರೆಂಟ್ ಹೀರುತ್ತಲೇ ಇರುತ್ತದೆ. ಸೆಲ್ ಪೂರ್ತಿ ಬತ್ತುತ್ತದೆ, ಬತ್ತಿದ ಸೆಲ್ ಸೋರುತ್ತದೆ.

ಸೋರಿದ್ದು ಯಾವ ಜಾತಿಯ ಸೆಲ್ ಎಂದು ತಿಳಿಯದೆ ತೊಳೆಯಲು ಹೋಗಬಾರದು. ಆಲ್ಕಲೈನ್ ಸೆಲ್‌ನಿಂದ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಗಾಳಿ ತಾಗಿ ಅದು ಬಿಳಿಯ, ಒಣ ಹರಳುಪುಡಿಯಾಗಿ ಕಾಣುತ್ತದೆ. ಇದಕ್ಕೆ ಮದ್ದು ವಿನೆಗರ್: ಹತ್ತಿಕಡ್ಡಿಯಲ್ಲಿ ಅದ್ದಿ ಮುಟ್ಟಿಸಿದರೆ ನೊರೆ ಬರುತ್ತದೆ, ನೊರೆ ನಿಲ್ಲುವವರೆಗೆ ಮಾಡಿ. ಅಗ್ಗದ ಸಾದಾ ಸೆಲ್, ಅಂದರೆ ಝಿಂಕ್-ಕಾರ್ಬನ್ ಸೆಲ್‌ನ ಕಥೆ ಬೇರೆ. ಅದರ ಹೊರಗಿನ ಸತುವಿನ ಡಬ್ಬಿಯೇ ಕರೆಂಟ್ ಕೊಡುತ್ತಾ ಸವೆದು ತೂತಾಗುತ್ತದೆ. ಸೋರುವ ರಸ ಕಂದುಬಣ್ಣದ್ದು, ಜಿಗುಟು, ಸ್ವಲ್ಪ ಆಮ್ಲೀಯ. ಉಕ್ಕಿನ ಸ್ಪ್ರಿಂಗನ್ನು ಬೇಗ ತುಕ್ಕು ಹಿಡಿಸುವುದು ಇದೇ. ಇಲ್ಲಿ ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಕಲಸಿ ಒರೆಸಬೇಕು. ಎರಡನ್ನೂ ಒಟ್ಟಿಗೆ ಸುರಿದರೆ ಒಂದು ಇನ್ನೊಂದನ್ನು ಕೊಂದು ಬರೀ ಲವಣದ ನೀರು ಉಳಿಯುತ್ತದೆ, ಅಷ್ಟೇ. ಯಾವುದೇ ಆದರೂ ಬಳಿಕ ಡಿಸ್ಟಿಲ್ಡ್ ವಾಟರ್, ಕೊನೆಗೆ ಆಲ್ಕೊಹಾಲ್. ಕೈಗೆ ರಬ್ಬರ್ ಗ್ಲೌಸ್ ಇರಲಿ, ಪುಡಿಯನ್ನು ಬಾಯಿಂದ ಊದಬೇಡಿ.

ಸೆಲ್ ಒಳಗೇ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಿದಾಗ ಸ್ಪ್ರಿಂಗ್ ಹಿಡಿದಿರುವ ಪ್ಲಾಸ್ಟಿಕ್ ತೋಡೇ ಮುರಿಯುತ್ತದೆ. ಅಂಟಿದ ತುದಿಗೆ ಸೆಲ್ಲಿನ ಜಾತಿಗೆ ತಕ್ಕ ದ್ರಾವಣ ನಾಲ್ಕೈದು ಹನಿ ಬಿಟ್ಟು 10 ನಿಮಿಷ ಕಾದು, ಮರದ ಕಡ್ಡಿಯಿಂದ ಎಬ್ಬಿಸಿ.

ಸ್ಪ್ರಿಂಗ್ ತುಕ್ಕು ಹಿಡಿದು ತೆಳುವಾಗಿದ್ದರೆ ಉಜ್ಜಿ ಫಲವಿಲ್ಲ. ನಿಕಲ್ ಲೇಪ ಹೋದ ಉಕ್ಕು ಒಂದೇ ಮಳೆಗಾಲದಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ. ಹಾಳಾದ ಟಿವಿ ರಿಮೋಟಿನ ಸ್ಪ್ರಿಂಗ್ ಬಿಚ್ಚಿ ಹಾಕಿ, ಅಳತೆ ಹೆಚ್ಚುಕಡಿಮೆ ಹೊಂದುತ್ತದೆ. ಎರಡು ಸೆಲ್‌ಗಳನ್ನು ಜೋಡಿಸುವ ಆಚೆ ಬದಿಯ ತಗಡನ್ನೂ ಮರೆಯದೆ ನೋಡಿ. ಸ್ಪ್ರಿಂಗ್ ಹೊಳೆಯುತ್ತಿದ್ದು ಆ ತಗಡಿನ ಹಿಂಬದಿ ಕಿಲುಬು ಹಿಡಿದ ಆಟಗಳು ಬೇಕಾದಷ್ಟು.

ಸೆಲ್‌ನ ಪರೀಕ್ಷೆ

ಹೊಸ ಆಲ್ಕಲೈನ್ ಸೆಲ್ 1.5ರಿಂದ 1.6 ವೋಲ್ಟ್ ತೋರಿಸಬೇಕು. ಮೀಟರಿನ ಈ ಅಂಕಿಯೊಂದನ್ನೇ ನಂಬಬೇಡಿ, ಅರೆಜೀವದ ಸೆಲ್ಲೂ ಭಾರವಿಲ್ಲದಾಗ, ಅಂದರೆ ಯಾರೂ ಕರೆಂಟ್ ಎಳೆಯದಿದ್ದಾಗ, 1.4 ತೋರಿಸೀತು. 10 ಓಮ್‌ನ ರೆಸಿಸ್ಟರನ್ನು ಸೆಲ್‌ನ ಎರಡು ತುದಿಗೆ ಎರಡು ಸೆಕೆಂಡ್ ಹಿಡಿದು ಅಳೆಯಿರಿ, 1.3 ವೋಲ್ಟ್‌ಗಿಂತ ಕೆಳಗೆ ಜಾರಿದರೆ ಆ ಸೆಲ್ ಪರೀಕ್ಷೆಗೆ ಲಾಯಕ್ಕಲ್ಲ. ರೀಚಾರ್ಜ್ ಆಗುವ ನಿಕಲ್ ಸೆಲ್ ತಲಾ 1.2 ವೋಲ್ಟ್, ಎರಡು ಸೇರಿ 2.4. ಆಟ ನಡೆದರೂ ಚೌಕಗಳು ಮಸುಕಾಗಿ ಕಾಣಬಹುದು. ದೋಷ ಹುಡುಕುವಾಗ ಅವನ್ನು ಹಾಕಿದರೆ ಪರದೆಯ ಮೇಲೆ ಸುಮ್ಮನೆ ಅನುಮಾನ ಬರುತ್ತದೆ. ಹೊಸ ಆಲ್ಕಲೈನ್‌ನಲ್ಲೇ ಪರೀಕ್ಷಿಸಿ.

ಶುಚಿ ಮಾಡಿದ ಜಾಗಕ್ಕೆ ಸೆಲ್ ಹಾಕಿ, ಮೊದಲು ರಿಸೆಟ್, ಆಮೇಲೆ ಆನ್ ಒತ್ತಿ. ಏನೂ ಆಗದಿದ್ದರೆ ಸೆಲ್ ತೆಗೆದು, ಖಾಲಿ ಸೆಲ್ ಮನೆಯ ಪ್ಲಸ್ ಮತ್ತು ಮೈನಸ್ ತುದಿಗಳನ್ನು ಒಂದು ವಯರಿನಿಂದ 30 ಸೆಕೆಂಡ್ ಸೇರಿಸಿ ಹಿಡಿಯಿರಿ. ಬೋರ್ಡಿನ ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಪೂರ್ತಿ ಇಳಿದ ಮೇಲೆ ಸೆಲ್ ಹಾಕಿದರೆ ಐಸಿ ಹೊಸದಾಗಿ ಶುರುವಾಗುತ್ತದೆ. ಹಳೇ ಸೆಲ್ ನಿಧಾನವಾಗಿ ಇಳಿಯುತ್ತಾ ಹೋದಾಗ ಐಸಿ ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಬಿಚ್ಚದೆಯೇ ಸರಿಯಾಗುವ ಆಟಗಳಲ್ಲಿ ಎಷ್ಟೋ ಇಲ್ಲಿಗೇ ಎದ್ದು ಕೂರುತ್ತವೆ.

ಬಿಚ್ಚುವಾಗ

ಹಿಂಬದಿಯಲ್ಲಿ ಐದರಿಂದ ಏಳು ಸ್ಕ್ರೂ ಇರುತ್ತವೆ. ಒಂದು ಸೆಲ್ ಮನೆಯೊಳಗೆ, ಕೆಲವೊಮ್ಮೆ ಒಂದು ಸ್ಟಿಕ್ಕರಿನ ಅಡಿಯಲ್ಲಿ. ಎಲ್ಲ ಸ್ಕ್ರೂಗಳೂ ಒಂದೇ ಉದ್ದ ಎಂದುಕೊಳ್ಳಬೇಡಿ. ಕಾಗದದ ಮೇಲೆ ಆಟದ ಚಿತ್ರ ಗೀಚಿ ಆಯಾ ಜಾಗದಲ್ಲೇ ಸ್ಕ್ರೂ ಚುಚ್ಚಿಡಿ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಎದುರಿನ ಪ್ಲಾಸ್ಟಿಕ್ ಬಿರಿಯುತ್ತದೆ. ಎರಡು ಹೋಳುಗಳನ್ನು ಸೆಳೆದು ಬೇರ್ಪಡಿಸಬೇಡಿ. ಹಿಂಬದಿಯ ಸೆಲ್ ಮನೆಯಿಂದ ಬೋರ್ಡಿಗೆ ಎರಡು ತೆಳು ವಯರು, ಸ್ಪೀಕರ್ ಹಿಂಬದಿಗೆ ಅಂಟಿದ್ದರೆ ಇನ್ನೆರಡು, ಇವು ಬೆರಳುದ್ದವೂ ಇರುವುದಿಲ್ಲ. ಪುಸ್ತಕ ತೆರೆದಂತೆ ಒಂದು ಪಕ್ಕಕ್ಕೆ ಮಗುಚಿ. ಬೋರ್ಡನ್ನು ಎತ್ತುವ ಮೊದಲು ಎಲ್‌ಸಿಡಿ ಯಾವ ರೀತಿ ಜೋಡಿಸಿದೆ ಎಂದು ಇಣುಕಿ ನೋಡಿ, ಫೋಟೋ ತೆಗೆದಿಡಿ. ಬೂದು ಬಣ್ಣದ ತೆಳು ಪಟ್ಟಿ ಅಂಟಿದ್ದರೆ ಬೋರ್ಡನ್ನೂ ಎಲ್‌ಸಿಡಿಯ ಗಾಜನ್ನೂ ಒಟ್ಟಿಗೇ ಎತ್ತಬೇಕು.

ಒಳಗೆ ಜಿರಳೆ ಹಿಕ್ಕೆ, ಇರುವೆ ಮೊಟ್ಟೆ ಸಿಕ್ಕಿದರೆ ಆಶ್ಚರ್ಯ ಬೇಡ. ಒಣ ಬ್ರಷ್‌ನಲ್ಲಿ ಗುಡಿಸಿ. ಹಿಕ್ಕೆ ತೇವವಾದರೆ ಕರೆಂಟ್ ಹಾಯಲು ಬಿಡುತ್ತದೆ, ಬೋರ್ಡಿನ ಮೇಲೆ ಕರೆಂಟ್ ಹರಿಯುವ ತಾಮ್ರದ ಗೆರೆಯನ್ನೂ, ಅಂದರೆ ಟ್ರ್ಯಾಕನ್ನೂ, ತಿನ್ನುತ್ತದೆ.

ಪೂರ್ತಿ ಸತ್ತಂತಿದ್ದರೆ

ಪರದೆಯಿಲ್ಲ, ಶಬ್ದವಿಲ್ಲ. ಸೆಲ್ ಹಾಕಿ, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಮೊದಲು ಸ್ಪ್ರಿಂಗುಗಳ ಮೇಲೆ, ಆಮೇಲೆ ವಯರುಗಳು ಬೋರ್ಡಿಗೆ ಸೇರುವ ಬೆಸುಗೆಯ ಮೇಲೆ ಅಳೆಯಿರಿ. ಎರಡೂ ಕಡೆ 3 ವೋಲ್ಟ್ ಸಿಗಬೇಕು. ಸ್ಪ್ರಿಂಗಿನಲ್ಲಿ 3 ಇದ್ದು ಬೋರ್ಡಿನಲ್ಲಿ ಸೊನ್ನೆಯಾದರೆ ವಯರು ಹೋಗಿದೆ. ಬೋರ್ಡಿನಲ್ಲೂ 3 ಇದ್ದು ಆನ್ ಗುಂಡಿ ಒತ್ತಿದೊಡನೆ 1 ವೋಲ್ಟ್‌ಗೋ ಅರ್ಧಕ್ಕೋ ಕುಸಿದರೆ ನಡುವೆ ಎಲ್ಲೋ ಕಿಲುಬಿನ ತಡೆ ಇದೆ. ಮೀಟರ್ ಎಳೆಯುವ ಕರೆಂಟ್ ಅತ್ಯಲ್ಪವಾದ್ದರಿಂದ ಭಾರವಿಲ್ಲದಾಗ ಈ ತಡೆ ಕಾಣಿಸುವುದಿಲ್ಲ, ಭಾರ ಬಿದ್ದಾಗಷ್ಟೇ ಬಯಲಾಗುತ್ತದೆ.

ವಯರಿನ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಹೆಚ್ಚಿನ ಆಟಗಳು ಸಾಯುವುದು ಇಲ್ಲೇ. ಮೈನಸ್ ಸ್ಪ್ರಿಂಗಿಗೆ ಬೆಸೆದ ವಯರಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬೆಸುಗೆಯ ಬುಡದಲ್ಲಿ ಹಸಿರು ಕಿಲುಬು, ಅಲ್ಲಿಂದ ಮುಂದೆ ಪ್ಲಾಸ್ಟಿಕ್ ಹೊದಿಕೆಯೊಳಗಿನ ತಾಮ್ರದ ಎಳೆಗಳು ತಾಮ್ರದ ಬಣ್ಣ ಕಳೆದುಕೊಂಡು ಇದ್ದಿಲಿನ ಹಾಗೆ ಕಪ್ಪಾಗಿರುತ್ತವೆ. ಸೋರಿದ ಕ್ಷಾರ ಎಳೆಗಳ ಸಂದಿಯಲ್ಲಿ ತಾನಾಗಿಯೇ ಏರುತ್ತಾ ಹೋಗುತ್ತದೆ. ಹೊರಗಿನಿಂದ ಕೆಂಪು ವಯರು ಕೆಂಪಾಗೇ, ಕಪ್ಪು ವಯರು ಕಪ್ಪಾಗೇ ಇರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ತುದಿ ಕತ್ತರಿಸಿ ಮತ್ತೆ ಬೆಸೆಯಲು ಹೋದರೆ ಲೆಡ್ ಹಿಡಿಯದೆ ಉಂಡೆಯಾಗಿ ಜಾರುತ್ತದೆ. ಅಂಥ ವಯರನ್ನು ಬೋರ್ಡಿನವರೆಗೆ ಪೂರ್ತಿ ತೆಗೆದು 26 ಅಥವಾ 28 ಗೇಜಿನ ಎಳೆವಯರು ಹಾಕಿ. ಸ್ಪ್ರಿಂಗಿಗೆ ಬೆಸೆಯುವ ಮೊದಲು ಆ ಜಾಗವನ್ನು ಬ್ಲೇಡಿನಿಂದ ಹೆರೆದು, ಪೇಸ್ಟ್ ಹಚ್ಚಿ, ಸ್ಪ್ರಿಂಗಿಗೊಮ್ಮೆ ವಯರಿಗೊಮ್ಮೆ ಬೇರೆಬೇರೆ ಲೆಡ್ ಹಿಡಿಸಿ, ಆಮೇಲೆ ಸೇರಿಸಬೇಕು. ಸಾಧ್ಯವಿದ್ದರೆ ಸ್ಪ್ರಿಂಗನ್ನು ಪ್ಲಾಸ್ಟಿಕ್ಕಿನಿಂದ ಹೊರತೆಗೆದು ಈ ಕೆಲಸ ಮಾಡಿ, ಇಲ್ಲದಿದ್ದರೆ ತೋಡು ಕರಗುತ್ತದೆ.

ಬೋರ್ಡಿಗೆ 3 ವೋಲ್ಟ್ ಸರಿಯಾಗಿ ತಲುಪಿದರೂ ಜೀವವಿಲ್ಲವೆ? ಆಗ ರಿಸೆಟ್ ಗುಂಡಿಯ ಜಾಗ ನೋಡಿ. ಗುಂಡಿಯ ಅಡಿಯಲ್ಲಿ ಬೋರ್ಡಿನ ಮೇಲೆ ಬೆರಳುಗಳನ್ನು ಹೆಣೆದಂತೆ ಎರಡು ಕಪ್ಪು ಇಂಗಾಲದ ಗೆರೆಗಳಿರುತ್ತವೆ. ಸೆಲ್ ತೆಗೆದು, ರಬ್ಬರ್ ಎತ್ತಿ, ಆ ಎರಡರ ನಡುವೆ ಓಮ್ ಅಳೆಯಿರಿ. ಲಕ್ಷಗಟ್ಟಲೆ ಓಮ್ ಅಥವಾ ಅಳತೆಗೇ ಸಿಗದಷ್ಟು ಇರಬೇಕು. ತೇವ ಕುಡಿದ ಕೊಳೆ ಇದ್ದರೆ ಕೆಲವೇ ಸಾವಿರ ಓಮ್ ತೋರಿಸುತ್ತದೆ. ಯಾರೋ ರಿಸೆಟ್ ಒತ್ತಿಯೇ ಹಿಡಿದಿದ್ದಾರೆ ಎಂದು ಐಸಿ ತಿಳಿದುಕೊಂಡು ಏಳುವುದೇ ಇಲ್ಲ. ಆಲ್ಕೊಹಾಲ್‌ನಲ್ಲಿ ಒರೆಸಿ, ಹೇರ್ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಎರಡು ನಿಮಿಷ ಒಣಗಿಸಿ ಮತ್ತೆ ಅಳೆಯಿರಿ. ಆಷಾಢದಲ್ಲಿ ಸತ್ತು ಮಾರ್ಚಿನಲ್ಲಿ ತಾನೇ ಸರಿಯಾಗುವ ಆಟ ಸಿಕ್ಕಿದರೆ ನೇರ ಇಲ್ಲಿಗೇ ಬನ್ನಿ, ಬೇರೆಲ್ಲೂ ಹುಡುಕಬೇಡಿ.

ಎಲ್ಲ ಚೌಕಗಳೂ ಒಟ್ಟಿಗೆ ಕಪ್ಪಾಗಿ ಹಾಗೆಯೇ ನಿಂತುಬಿಟ್ಟರೆ ಅದೂ ಇದೇ ಗುಂಪಿನ ದೋಷ. ರಿಸೆಟ್ ಒತ್ತಿದಾಗ ಇಡೀ ಪರದೆ ಒಮ್ಮೆ ತುಂಬಿ ತೋರಿಸುವುದು ಹಲವು ಮಾದರಿಗಳ ರೂಢಿ. ಅಲ್ಲೇ ಅಂಟಿಕೊಂಡರೆ ರಿಸೆಟ್ ಜಾಗದ ಸೋರಿಕೆ, ಇಲ್ಲವೆ ಐಸಿಯ ಗಡಿಯಾರ, ಅಂದರೆ ಅದರ ಕೆಲಸಕ್ಕೆ ತಾಳ ಹಾಕುವ ಮಿಡಿತ, ನಡೆಯುತ್ತಿಲ್ಲ. ಈ ಐಸಿಗಳಲ್ಲಿ ಹೆಚ್ಚಿನವಕ್ಕೆ ಕ್ರಿಸ್ಟಲ್ ಇಲ್ಲ. ಐಸಿಯನ್ನು ಮುಚ್ಚಿದ ಕಪ್ಪು ಬೊಟ್ಟಿನ ಪಕ್ಕದಲ್ಲಿರುವ ಒಂದು ರೆಸಿಸ್ಟರ್ ವೇಗವನ್ನು ನಿಗದಿ ಮಾಡುತ್ತದೆ. ಅದರ ಕಾಲಿನ ಬೆಸುಗೆ ಬಿರುಕು ಬಿಟ್ಟರೆ ಆಟ ನಿಲ್ಲುತ್ತದೆ. ಅದರ ಸುತ್ತ ತೇವದ ಕೊಳೆ ಕೂತರೆ ತುಂಡುಗಳು ಬೀಳುವ ವೇಗ, ಶಬ್ದದ ಶ್ರುತಿ ಎರಡೂ ಏರುಪೇರಾಗುತ್ತವೆ. ಬಣ್ಣದ ಪಟ್ಟಿ ಓದಿ ಬೆಲೆ ಲೆಕ್ಕ ಹಾಕಿ, ಒಂದು ಕಾಲು ಬಿಡಿಸಿ ಅಳೆದು ನೋಡಿ. ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬದಲಿಸಿ.

ಶಬ್ದ ಬರುತ್ತದೆ, ಪರದೆ ಸರಿಯಿಲ್ಲ

ಇದು ಒಳ್ಳೆಯ ಲಕ್ಷಣ. ಐಸಿ ಬದುಕಿದೆ ಎಂದು ಗೊತ್ತಾಯಿತು. ಇನ್ನು ಪರದೆಯಲ್ಲಿ ಏನು ಕಾಣೆಯಾಗಿದೆ ಎಂಬುದನ್ನು ಸರಿಯಾಗಿ ಓದಬೇಕು.

200 ಚೌಕಗಳಿಗೂ ಅಂಕಿಗಳಿಗೂ ಒಂದೊಂದು ವಯರು ಎಳೆಯಲಾಗದು. ಅಡ್ಡ-ಉದ್ದ ಲೈನುಗಳ ಜಾಲ ಮಾಡಿ, ಎರಡು ಲೈನು ಕೂಡುವಲ್ಲಿನ ಚೌಕ ಕಪ್ಪಾಗುವಂತೆ ಐಸಿ ನಡೆಸುತ್ತದೆ. ಒಂದು ಲೈನಿನ ಸಂಪರ್ಕ ಹೋದರೆ ಚೌಕಗಳ ಒಂದು ಗುಂಪೇ ಮಾಯ. ಗುಂಪು ಕಣ್ಣಿಗೆ ನೇರ ಸಾಲಾಗಿಯೇ ಕಾಣಬೇಕೆಂದಿಲ್ಲ, ಅಂಕಿಯ ಒಂದು ಗೆರೆಯೂ ಜೊತೆಗೆ ಹೋಗಬಹುದು. ಹೀಗೆ ಗುಂಪಾಗಿ ಹೋಗಿದ್ದರೆ ರಿಪೇರಿ ಸಾಧ್ಯ. ಸುತ್ತಲಿನವೆಲ್ಲ ಸರಿಯಿದ್ದು ಒಂಟಿ ಚೌಕವೊಂದೇ ಎಂದೂ ಕಾಣದಿದ್ದರೆ ಗಾಜಿನೊಳಗಿನ ಪಾರದರ್ಶಕ ಗೆರೆ ಕಡಿದಿದೆ, ಅದಕ್ಕೆ ಕೈಹಾಕಬೇಡಿ. ಶಾಯಿ ಚೆಲ್ಲಿದಂತೆ ಮೂಲೆಯಿಂದ ಕಪ್ಪು ಹಬ್ಬಿದ್ದರೆ ಗಾಜು ಬಿರುಕು ಬಿಟ್ಟಿದೆ. ಅದೇ ಮಾದರಿಯ ಬೇರೆ ಆಟದ ಗಾಜು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಇಲ್ಲ.

ಗಾಜು-ಬೋರ್ಡಿನ ಜೋಡಣೆ ಎರಡು ಬಗೆ. ಮೊದಲನೆಯದು ಜೀಬ್ರಾ ಪಟ್ಟಿ: ಮೆತ್ತಗಿನ ರಬ್ಬರ್ ಕಡ್ಡಿ, ಬೆಳಕಿಗೆ ಹಿಡಿದರೆ ಇಂಗಾಲದ ಕಪ್ಪು ಗೆರೆ, ಬರೀ ರಬ್ಬರಿನ ಗೆರೆ, ಮತ್ತೆ ಕಪ್ಪು, ಹೀಗೆ ಕೂದಲೆಳೆಯಷ್ಟು ಸಣ್ಣ ಪಟ್ಟೆಗಳು. ಇದು ಬೆಸುಗೆಯಿಂದ ನಿಂತಿಲ್ಲ, ಬರೀ ಒತ್ತಡದಿಂದ ನಿಂತಿದೆ. ಸ್ಕ್ರೂ ಸಡಿಲಾದರೆ, ಗಾಜಿನ ಅಂಚಿಗೆ ಬೂಷ್ಟು ಹಿಡಿದರೆ ಲೈನುಗಳು ಹೋಗುತ್ತವೆ. ಬಿಚ್ಚುವ ಮೊದಲು ಬೋರ್ಡಿನ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿದು ನೋಡಿ. ಗೆರೆ ಮರಳಿದರೆ ಅಷ್ಟೇ ಕೆಲಸ. ಇಲ್ಲವಾದರೆ ಗಾಜಿನ ಅಂಚನ್ನೂ ಬೋರ್ಡಿನ ಚಿನ್ನದ ಅಥವಾ ಇಂಗಾಲದ ಪಟ್ಟಿಗಳನ್ನೂ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒಂದೇ ದಿಕ್ಕಿಗೆ ಒರೆಸಿ. ರಬ್ಬರ್ ಪಟ್ಟಿಯನ್ನು ನೂಲು ಬಿಡದ ಬಟ್ಟೆಯಿಂದ ಹಗುರಾಗಿ ಸವರಿದರೆ ಸಾಕು, ಎಳೆಯಬೇಡಿ. ಬೆರಳಿನ ಬೆವರು ತಾಗದಂತೆ ಚಿಮಟದಲ್ಲಿ ಹಿಡಿದು, ತೆಗೆದ ದಿಕ್ಕಿನಲ್ಲೇ ಕೂರಿಸಿ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಂದೇ ಬದಿ ಬಿಗಿದರೆ ಪಟ್ಟಿ ಓರೆಯಾಗಿ, ಕಾಣೆಯಾಗಿದ್ದ ಗೆರೆ ಬಂದು ಇದ್ದ ಗೆರೆ ಹೋಗುತ್ತದೆ.

ಎರಡನೆಯದು ಬಿಸಿಯಿಂದ ಅಂಟಿಸಿದ ತೆಳು ಪ್ಲಾಸ್ಟಿಕ್ ಪಟ್ಟಿ. 1989ರ ಮೊದಲ ಗೇಮ್ ಬಾಯ್‌ನಲ್ಲಿ ನೇರ ಗೆರೆಗಳು ಮಾಯವಾಗುವುದಕ್ಕೂ ಇದೇ ಬಗೆಯ ಪಟ್ಟಿ ಕಾರಣ. ಅಂಟು ಒಣಗಿ ತುದಿ ಮೇಲೆದ್ದಿರುತ್ತದೆ. ಪಟ್ಟಿಯ ಅಂಚನ್ನು ಗಾಜಿನ ಮೇಲೆ ರಬ್ಬರ್ ತುದಿಯ ಪೆನ್ಸಿಲಿನಿಂದ ಒತ್ತಿ ನೋಡಿ, ಯಾವ ಜಾಗದಲ್ಲಿ ಒತ್ತಿದಾಗ ಗೆರೆ ಬರುತ್ತದೆಯೋ ಅಲ್ಲಿಗೆ ಬಿಸಿ ಕೊಡಬೇಕು. ಉಷ್ಣತೆ ನಿಯಂತ್ರಣವಿರುವ ಐರನ್ ಇದ್ದರೆ 200 ಡಿಗ್ರಿಯ ಆಸುಪಾಸಿಗೆ ಇಳಿಸಿ, ಪಟ್ಟಿಯ ಮೇಲೆ ತೆಳು ಸಿಲಿಕೋನ್ ಹಾಳೆ ಇಟ್ಟು, ಚಪ್ಪಟೆ ತುದಿಯಿಂದ ಮೂರ್ನಾಲ್ಕು ಸೆಕೆಂಡ್ ಒತ್ತಿ, ತಣಿಯುವವರೆಗೆ ಪೆನ್ಸಿಲ್ ರಬ್ಬರಿನಿಂದ ಅದುಮಿ ಹಿಡಿಯಿರಿ. ಸಾದಾ 25 ವಾಟ್ ಐರನ್ನಿನ ತುದಿ 300 ಡಿಗ್ರಿ ದಾಟುತ್ತದೆ. ಅದನ್ನು ನೇರ ಮುಟ್ಟಿಸಿದರೆ ಪಟ್ಟಿ ಸುರುಟಿ ಆಟದ ಕಥೆ ಅಲ್ಲಿಗೆ ಮುಗಿಯುತ್ತದೆ. ಪಟ್ಟಿಯ ಮೇಲಿನ ಗೆರೆಗಳು ಇಂಗಾಲದವು, ಮಡಿಕೆಯಲ್ಲಿ ಕಡಿದರೆ ಬೆಸೆಯಲು ಬರುವುದಿಲ್ಲ. ಹಾಗಾಗಿ ಇದ್ದ ಮಡಿಕೆಯನ್ನು ಬಿಡಿಸುವುದೂ ಬೇಡ, ಹೊಸ ಮಡಿಕೆ ಮಾಡುವುದೂ ಬೇಡ.

ಪರದೆ ಪೂರ್ತಿ ಖಾಲಿಯಿದ್ದು ಶಬ್ದ ಮಾತ್ರ ಬರುತ್ತಿದ್ದರೆ, ಆಟ ನಡೆಯುವಾಗ ಎಲ್‌ಸಿಡಿಗೆ ಹೋಗುವ ಲೈನುಗಳನ್ನು ಬೋರ್ಡಿನ ಬದಿಯಲ್ಲಿ ಒಂದೊಂದಾಗಿ ಡಿಸಿ ವೋಲ್ಟ್‌ನಲ್ಲಿ ಅಳೆಯಿರಿ. ಐಸಿ ಕೊಡುವುದು ಮೇಲೆಕೆಳಗೆ ಬದಲಾಗುವ ವೋಲ್ಟೇಜ್ ಆದ್ದರಿಂದ ಮೀಟರ್ ಅದರ ಸರಾಸರಿಯನ್ನು, ಅಂದರೆ ಪರದೆಗೆ ಕೊಡುವ ವೋಲ್ಟೇಜಿನ ಸುಮಾರು ಅರ್ಧವನ್ನು, ತೋರಿಸುತ್ತದೆ. ಎಲ್ಲ ಲೈನಿನಲ್ಲೂ ಹೀಗಿದ್ದರೆ ಬೋರ್ಡ್ ಚೆನ್ನಾಗಿದೆ, ಜೋಡಣೆಯದೇ ದೋಷ. ಒಂದು ಲೈನು ಸೊನ್ನೆಗೋ ಪೂರ್ತಿ ವೋಲ್ಟೇಜಿಗೋ ಅಂಟಿದ್ದರೆ ಆ ಟ್ರ್ಯಾಕ್ ಪಕ್ಕದ್ದಕ್ಕೆ ಶಾರ್ಟ್ ಆಗಿದೆಯೇ ನೋಡಿ. ಸೆಲ್‌ನ ವಯರನ್ನು ನೇರ ಗಾಜಿನ ಅಂಚಿಗೆ ಮುಟ್ಟಿಸಿ ಪರೀಕ್ಷಿಸುವ ಅಭ್ಯಾಸ ಕೆಲವರಿಗಿದೆ. ಒಂದೇ ದಿಕ್ಕಿನ ಕರೆಂಟ್ ಎಲ್‌ಸಿಡಿಯ ದ್ರವವನ್ನು ಕೆಡಿಸುತ್ತದೆ, ಮಾಡಬೇಡಿ.

ಎಲ್ಲವೂ ಕಾಣುತ್ತದೆ, ಆದರೆ ಮಸುಕು ಎಂದಾದರೆ ಪೋಲರೈಸರ್ ನೋಡಿ. ಗಾಜಿನ ಮೇಲೆ ಅಂಟಿಸಿದ ಈ ಹಾಳೆ ತೇವಕ್ಕೆ ಗುಳ್ಳೆ ಏಳುತ್ತದೆ, ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಎದುರಿನ ಹಾಳೆಯನ್ನು ಮಾತ್ರ ಬ್ಲೇಡನ್ನು ಓರೆಯಾಗಿ ಹಿಡಿದು ಎಬ್ಬಿಸಿ, ಉಳಿದ ಅಂಟನ್ನು ಆಲ್ಕೊಹಾಲ್‌ನಲ್ಲಿ ನೆನೆಸಿ ಉಜ್ಜಿ. ಹೊಸ ಹಾಳೆಯನ್ನು ಕತ್ತರಿಸುವ ಮೊದಲು ಆಟವನ್ನು ಆನ್ ಮಾಡಿ ಪರದೆಯ ಮೇಲೆ ತಿರುಗಿಸಿ ನೋಡಬೇಕು. ಒಂದು ಕೋನದಲ್ಲಿ ಬಿಳಿಯ ಮೇಲೆ ಕಪ್ಪು ಚೌಕ, 90 ಡಿಗ್ರಿ ತಿರುಗಿಸಿದರೆ ಕಪ್ಪಿನ ಮೇಲೆ ಬಿಳಿ ಚೌಕ ಕಾಣುತ್ತದೆ. ಬೇಕಾದ ಕೋನವನ್ನು ಗುರುತು ಹಾಕಿ ಕತ್ತರಿಸಿ. ಹಿಂಬದಿಯ ಬೆಳ್ಳಿಬಣ್ಣದ ಹಾಳೆ ಬೆಳಕನ್ನು ಹಿಂದಕ್ಕೆ ಕೊಡುವಂಥದ್ದು, ಅದು ಚೆನ್ನಾಗಿದ್ದರೆ ಮುಟ್ಟಬೇಡಿ. ಆಟದ ಹೊರಗಿನ ಪಾರದರ್ಶಕ ಕಿಟಕಿಗೆ ಮಾತ್ರ ಆಲ್ಕೊಹಾಲ್ ಬೇಡ. ಪ್ಲಾಸ್ಟಿಕ್ ಸೀಳುಸೀಳಾಗಿ ಮಂಕಾಗುತ್ತದೆ, ಸೋಪು ನೀರು ಸಾಕು.

ಗುಂಡಿಗಳು

ಒಂದು ಗುಂಡಿ ಕೆಲಸ ಮಾಡದಿದ್ದರೆ ಆಟ ಆನ್ ಇರುವಾಗ ರಬ್ಬರ್ ಎತ್ತಿ, ಬೋರ್ಡಿನ ಆ ಎರಡು ಇಂಗಾಲದ ಗೆರೆಗಳನ್ನು ಸಣ್ಣ ವಯರಿನಿಂದ ಸೇರಿಸಿ. ತುಂಡು ಸರಿದರೆ ತಪ್ಪು ರಬ್ಬರಿನದು, ಸರಿಯದಿದ್ದರೆ ಟ್ರ್ಯಾಕಿನದು. ಎರಡು ಮೂರು ಗುಂಡಿ ಒಟ್ಟಿಗೆ ಹೋಗಿದ್ದರೆ ಅವಕ್ಕೆಲ್ಲ ಸೇರಿದ ಒಂದು ಟ್ರ್ಯಾಕ್ ಎಲ್ಲೋ ಕಡಿದಿದೆ. ಸೆಲ್ ಸೋರಿದ ಬದಿಯಿಂದ ಹುಡುಕಿ.

ರಬ್ಬರಿನ ಅಡಿಯ ಕಪ್ಪು ಬಿಲ್ಲೆಯ ಮೇಲೆ ಮೀಟರಿನ ಎರಡು ತುದಿ ಹತ್ತಿರ ಹತ್ತಿರ ಇಟ್ಟರೆ ಕೆಲವು ನೂರು ಓಮ್ ತೋರಬೇಕು, ಹತ್ತಾರು ಸಾವಿರಕ್ಕೆ ಹೋದರೆ ಸವೆದಿದೆ. ಮೊದಲು ಆಲ್ಕೊಹಾಲ್‌ನಲ್ಲಿ ಒರೆಸಿ ನೋಡಿ. ಬೆರಳಿನ ಜಿಡ್ಡು ಅಡ್ಡಬಂದಿರುವುದೇ ಹೆಚ್ಚು. ಮರಳುಕಾಗದ ಹಾಕಿ ಉಜ್ಜಿದರೆ ಇದ್ದ ಇಂಗಾಲವೂ ಹೋಗುತ್ತದೆ. 6ಬಿ ಪೆನ್ಸಿಲ್ ಉಜ್ಜುವ ಉಪಾಯ ಕೆಲವು ವಾರಕ್ಕೆ ಮಾತ್ರ. ಸಿಗರೇಟ್ ಪ್ಯಾಕಿನ ಅಲ್ಯೂಮಿನಿಯಂ ಹಾಳೆಯನ್ನು ಬಿಲ್ಲೆಯಷ್ಟೇ ಕತ್ತರಿಸಿ, ಲೋಹದ ಬದಿ ಬೋರ್ಡಿಗೆ ತಾಗುವಂತೆ ತೆಳುವಾಗಿ ಅಂಟಿಸಿದರೆ ಹೆಚ್ಚು ಬಾಳುತ್ತದೆ. ತುಂಡನ್ನು ತಿರುಗಿಸುವ ದೊಡ್ಡ ಗುಂಡಿಯೇ ಮೊದಲು ಸವೆಯುವುದು. ರಿಸೆಟ್ ಗುಂಡಿಯ ಬಿಲ್ಲೆ ಹೊಸದಾಗೇ ಇರುತ್ತದೆ. ಎರಡೂ ಒಂದೇ ಅಳತೆಯಾದರೆ ಬ್ಲೇಡಿನಿಂದ ಬಿಡಿಸಿ ಅದಲುಬದಲು ಮಾಡಿ.

ಶಬ್ದವಿಲ್ಲದಿದ್ದರೆ

ಸೌಂಡ್ ಗುಂಡಿ ಒತ್ತಿ ಶಬ್ದ ಬಂದ್ ಮಾಡಿಟ್ಟಿಲ್ಲ ತಾನೆ? ಅದನ್ನು ನೋಡಿಕೊಂಡು ಮುಂದೆ ಹೋಗಿ. ಕಾಂತವಿರುವ ಸಣ್ಣ ಸ್ಪೀಕರ್ ಆದರೆ ಓಮ್ ಅಳೆಯುವಾಗ 8, 16 ಅಥವಾ 32ರ ಹತ್ತಿರದ ಅಂಕಿ ಬಂದು ಸಣ್ಣಗೆ ಚಟ್ ಎನ್ನುತ್ತದೆ. ಹಿತ್ತಾಳೆ ಬಿಲ್ಲೆ ಅದುರಿ ಶಬ್ದ ಮಾಡುವ ಪೀಜೋ ಆದರೆ ಮೀಟರ್ ಏನನ್ನೂ ತೋರಿಸದು, ಅದು ಸಹಜ. ಪೀಜೋದಲ್ಲಿ ಹೋಗುವುದು ನಡುವಿನ ಬೆಳ್ಳಿ ಪದರಕ್ಕೆ ಬೆಸೆದ ವಯರು. ಮತ್ತೆ ಬೆಸೆಯುವಾಗ ಒಂದೇ ಸೆಕೆಂಡಿನಲ್ಲಿ ಮುಗಿಸಿ. ಹೆಚ್ಚು ಬಿಸಿಯಾದರೆ ಬೆಳ್ಳಿ ಪದರ ಎದ್ದುಬರುತ್ತದೆ, ಪೀಜೋದ ಗುಣವೂ ಹೋಗುತ್ತದೆ.

ಆಟ ನಡುವೆ ನಿಲ್ಲುವುದು, ಸೆಲ್ ಬೇಗ ಮುಗಿಯುವುದು

ಸಾಲು ಒಡೆದು ಶಬ್ದ ಬರುವ ಹೊತ್ತಿಗೇ ಸರಿಯಾಗಿ ರಿಸೆಟ್ ಆದರೆ, ಸ್ಪೀಕರ್ ಎಳೆಯುವ ಹೆಚ್ಚುವರಿ ಕರೆಂಟಿಗೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ಸೆಲ್ ಮತ್ತು ವಯರು ಸರಿಯಿದ್ದರೆ ಸೆಲ್ ಲೈನಿಗೆ ಅಡ್ಡಲಾಗಿ ಹಾಕಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬತ್ತಿದೆ. ಹೆಚ್ಚಾಗಿ 47 ಅಥವಾ 100 ಮೈಕ್ರೋಫ್ಯಾರಡ್. ಅಷ್ಟೇ ಮೈಕ್ರೋಫ್ಯಾರಡ್, 10 ಅಥವಾ 16 ವೋಲ್ಟ್‌ನದು ತಂದು ಮೈನಸ್ ಗೆರೆಯ ದಿಕ್ಕು ನೋಡಿ ಹಾಕಿ.

ಸೆಲ್ ಬೇಗ ಮುಗಿಯುವುದಕ್ಕೆ ಆಫ್ ಇದ್ದಾಗಿನ ಕರೆಂಟ್ ಅಳೆಯಬೇಕು. ಒಂದು ಸೆಲ್‌ನ ತುದಿಗೂ ಸ್ಪ್ರಿಂಗಿಗೂ ನಡುವೆ ಕಾಗದ ತೂರಿಸಿ, ಮೀಟರಿನ ಎರಡು ಕಡ್ಡಿಗಳನ್ನು ಆಚೀಚೆ ಹಿಡಿಯಿರಿ. 20 ಮಿಲಿಆಂಪ್ ರೇಂಜಿನಿಂದ ಶುರು ಮಾಡಿ, ಆಟವನ್ನು ಆಫ್ ಮಾಡಿದ ಮೇಲೆ ಮಾತ್ರ 200 ಮೈಕ್ರೋಆಂಪಿಗೆ ಇಳಿಸಿ. ಆ ಸಣ್ಣ ರೇಂಜಿನಲ್ಲಿ ಸಾಧಾರಣ ಮೀಟರಿನೊಳಗೆ ಸುಮಾರು 1,000 ಓಮ್ ಅಡ್ಡ ಬರುತ್ತದೆ. ಆನ್ ಮಾಡಿದರೆ 1 ಮಿಲಿಆಂಪಿಗೇ 1 ವೋಲ್ಟ್ ಅಲ್ಲೇ ನಷ್ಟವಾಗಿ ಆಟ ಏಳುವುದಿಲ್ಲ, ಇಲ್ಲದ ದೋಷ ಕಂಡಂತಾಗುತ್ತದೆ. ಆಫ್ ಆದ ಆಟ ಕೆಲವೇ ಮೈಕ್ರೋಆಂಪ್ ಎಳೆಯಬೇಕು. 1 ಮಿಲಿಆಂಪ್ ಎಳೆದರೆ 2,000 ಮಿಲಿಆಂಪ್-ಅವರ್‌ನ ಸೆಲ್ ಸುಮಾರು 83 ದಿನಕ್ಕೆ ಖಾಲಿ. ಬೋರ್ಡ್ ತೊಳೆದು ಒಣಗಿಸಿದರೂ ಇಳಿಯದಿದ್ದರೆ ಮೇಲೆ ಹೇಳಿದ ಕೆಪಾಸಿಟರಿನ ಒಂದು ಕಾಲು ಬಿಡಿಸಿ ಮತ್ತೆ ಅಳೆಯಿರಿ. ಕರೆಂಟ್ ಕೆಳಗಿಳಿದರೆ ಸೋರುತ್ತಿರುವುದು ಅದೇ.

ಕಪ್ಪು ಬೊಟ್ಟು

ಇಷ್ಟೆಲ್ಲ ಆದಮೇಲೆ ಐಸಿ. ಬೋರ್ಡಿನ ನಡುವೆ ಟಾರಿನ ಬೊಟ್ಟಿನಂತೆ ಕಾಣುವ ಎಪಾಕ್ಸಿಯ ಅಡಿಯಲ್ಲಿ ಬರಿಯ ಚಿಪ್ಪನ್ನು ನೇರ ಬೋರ್ಡಿಗೆ ಅಂಟಿಸಿ, ಕೂದಲಿಗಿಂತ ತೆಳುವಾದ ತಂತಿಗಳಿಂದ ಹೊಲಿದಿರುತ್ತಾರೆ. ಬೋರ್ಡ್ ಬಾಗಿದರೆ, ಎಪಾಕ್ಸಿಯ ಅಂಚಿನಿಂದ ತೇವ ನುಗ್ಗಿದರೆ ಆ ತಂತಿ ಬಿಡುತ್ತದೆ. ಬೊಟ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಆಟ ಬಂದು, ಬಿಟ್ಟಾಗ ಹೋದರೆ ಅದೇ ಆಗಿದೆ. ಅದಕ್ಕೆ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಶಾಶ್ವತ ಮದ್ದಿಲ್ಲ. ಕೈಬಿಡುವ ಮೊದಲು ಬೋರ್ಡನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ಇಟ್ಟು ನೋಡಿ. ಅಡಿಕೆ ಒಣಗಿಸುವ ಡ್ರೈಯರಿನಲ್ಲಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆ ಬಿಸಿಗೆ ಪೋಲರೈಸರೂ ಪ್ಲಾಸ್ಟಿಕ್ ಮೈಯೂ ಬಾಗುತ್ತವೆ, ಬೇಡ.

ಬದಲಿ ಬೋರ್ಡ್ ಹುಡುಕುವಾಗ ಮೈಮೇಲಿನ ‘9999 ಇನ್ 1’ ನೋಡಿ ಕೊಳ್ಳಬೇಡಿ. ಒಂದೇ ಮೈಯೊಳಗೆ ಬೇರೆಬೇರೆ ಬೋರ್ಡ್ ತುಂಬಿ ಮಾರಿದ್ದಾರೆ. ಬೋರ್ಡಿನ ಮೇಲೆ ಅಚ್ಚಾದ ಸಂಖ್ಯೆ, ಎಲ್‌ಸಿಡಿಗೆ ಹೋಗುವ ಲೈನುಗಳ ಎಣಿಕೆ, ಸ್ಕ್ರೂ ತೂತುಗಳ ಜಾಗ, ಈ ಮೂರೂ ಹೊಂದಿದರೆ ಮಾತ್ರ ಕೂರುತ್ತದೆ. ಇವತ್ತಿಗೂ ಅಗ್ಗಕ್ಕೆ ಸಿಗುವ ಹೊಸ ಬ್ರಿಕ್ ಗೇಮಿನ ಬೋರ್ಡ್ ಹಳೆಯದರ ಗಾಜಿಗೆ ಹೊಂದುವ ಭರವಸೆ ಇಲ್ಲ, ಆದರೆ ಅದರ ಸ್ಪ್ರಿಂಗ್, ಸ್ಪೀಕರ್, ರಬ್ಬರ್ ಗುಂಡಿ ಬಳಕೆಗೆ ಬರುತ್ತವೆ.

ಸರಿಯಾದ ಆಟವನ್ನು ಇಡುವಾಗ ಸೆಲ್ ತೆಗೆದೇ ಇಡಿ, ಜೂನ್‌ಗೆ ಮೊದಲಂತೂ ಖಂಡಿತ. ಕಪಾಟಿನಲ್ಲಿ ಬಟ್ಟೆಗೆ ಹಾಕುವ ನುಸಿ ಗುಳಿಗೆಯ ಪಕ್ಕದಲ್ಲಿ ಇಡಬಾರದು, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಮುಚ್ಚಳ ಗಟ್ಟಿ ಇರುವ ಡಬ್ಬಿ, ಒಳಗೆ ಎರಡು ಪೊಟ್ಟಣ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು, ಮತ್ತೆ ನೀಲಿಯಾದ ಮೇಲೆ ತಣಿಸಿ ಹಾಕಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ, ನೀಲಿ ಬಣ್ಣಕ್ಕೆ ಕೋಬಾಲ್ಟ್ ಲವಣ ಸೇರಿಸಿರುತ್ತಾರೆ.